ಅಗೆಯಬಾರದ ಗುಡ್ಡೆ

ಕೋಡಿಂಬಾಳದ ಮೊಯ್ದೀನ್ ಹಾಜಿಯವರ ಗುಡ್ಡೆಗೆ ಗಿರಾಕಿಗಳಿಗೇನೂ ಕೊರತೆ ಇರಲಿಲ್ಲ. ಹಳೆಯ ರಬ್ಬರ್ ಮರಗಳನ್ನು ಕಡಿಸಿ ಎರಡು ವರ್ಷವಾಗಿತ್ತು. ಆರೂವರೆ ಎಕರೆ ಜಾಗ ಪೊದೆ, ಮುಳ್ಳು ಬೆಳೆಸಿಕೊಂಡು ಸುಮ್ಮನೆ ಬಿದ್ದಿತ್ತು. ಮೊದಲು ಬಂದವರು ಕೆಂಪುಕಲ್ಲಿನ ಕೋರೆಯವರು. ಅವರನ್ನು ಹಾಜಿಯವರು ಜಗಲಿಗೇ ಹತ್ತಿಸಲಿಲ್ಲ. ಆಮೇಲೆ ಬಂದವನು ಸಂಪಾಜೆ ಕಡೆಯ ರೆಸಾರ್ಟಿನವನು. ಗುಡ್ಡೆಯ ನೆತ್ತಿಯಲ್ಲಿ ಈಜುಕೊಳ ತೋಡಿಸುತ್ತೇನೆ ಎಂದ. ತೋಡುವ ಮಾತು ಬಂದದ್ದೇ ತಡ, ಹಾಜಿಯವರು ನಮಾಝಿಗೆ ಹೊತ್ತಾಯಿತು ಎಂದು ಎದ್ದು ಒಳಗೆ ಹೋದರು. ಆಗ ಸೂರ್ಯ ನೆತ್ತಿಯ ಮೇಲೆ, ಯಾವ ನಮಾಝೂ ಮಾಡಬಾರದ ಹೊತ್ತು. ಇದೆಂಥ ನಮಾಝು ಎಂದು ಹೆಂಡತಿ ಝೈನಬ ಕೇಳಿದಳು.

ಕೊನೆಗೆ ಬಂದದ್ದು ಹೊಗೆ ಕಂಪೆನಿ.

ಹೊಗೆ ಕಂಪೆನಿ ಎಂದು ಹೆಸರಿಟ್ಟದ್ದು ಊರವರು. ಎಲ್ಲೋ ದೂರದಲ್ಲಿ ಒಂದು ಸಿಮೆಂಟ್ ಕಾರ್ಖಾನೆ ಹೊಗೆ ಬಿಡುತ್ತದಂತೆ. ಅಷ್ಟು ಹೊಗೆಯನ್ನು ಇಲ್ಲಿಯ ಮರಗಳು ಕುಡಿಯಬೇಕಂತೆ. ಬಿಟ್ಟದ್ದು ಮತ್ತು ಕುಡಿದದ್ದು ಸರಿಸಮವಾಗಿ ಒಂದು ದಿನ ಸೊನ್ನೆ ಆಗಬೇಕಂತೆ. ಅದಕ್ಕಾಗಿ ಕಂಪೆನಿ ಬೋಳು ಗುಡ್ಡೆಗಳನ್ನು ಹುಡುಕಿ ಹೆಬ್ಬಲಸು, ನೇರಳೆ, ಕಾಟುಮಾವು ನೆಡುತ್ತಿತ್ತು. ಕರಾರು ನಲವತ್ತು ವರ್ಷದ್ದು. ನಲವತ್ತು ವರ್ಷ ಆ ಜಾಗದಲ್ಲಿ ಕೋರೆ ಇಲ್ಲ, ಬೋರ್‌ವೆಲ್ ಇಲ್ಲ, ಮನೆ ಇಲ್ಲ. ಗಿಡ ನೆಡುವ ಎರಡಡಿ ಗುಂಡಿ ಬಿಟ್ಟರೆ ಹಾರೆಯ ಒಂದು ಏಟು ಬೀಳುವಂತಿಲ್ಲ. ಹಾಜಿಯವರು ಆ ಸಾಲನ್ನು ಎರಡು ಸಲ ಓದಿಸಿ ಕೇಳಿ, ಆಗಲಿ ಎಂದರು.

ಊರು ಹೊಗಳಿತು ನೋಡಿ! ಕೋರೆಯವರನ್ನು ಓಡಿಸಿ ಕಾಡು ಬೆಳೆಸುವ ಮನುಷ್ಯ ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂದರು. ಕಡಬದಲ್ಲಿ ಶಾಲು ಹೊದೆಸುವ ಮಾತೂ ನಡೆಯಿತು. ಪರಿಸರಪ್ರೇಮಿಯಂತೆ! ಹಾಜಿಯವರ ಹೊಟ್ಟೆಯೊಳಗೆ ಇದ್ದದ್ದು ಯಾವ ಪ್ರೇಮವೂ ಅಲ್ಲ, ಭಯ. ಆ ಗುಡ್ಡೆಯನ್ನು ಯಾರೂ ಅಗೆಯಬಾರದು, ಅವರು ಬದುಕಿರುವಾಗಲೂ, ಅವರು ಸತ್ತು ಮಣ್ಣು ಸೇರಿದ ಮೇಲೂ. ಅವರಿಗೆ ಬೇಕಾದದ್ದು ಅಷ್ಟೇ.

ಗುಡ್ಡೆ ಅಳೆಯಲು ಕಂಪೆನಿ ಕಳಿಸಿದ್ದು ಯಾರನ್ನು? ಸುಪ್ರಿತಾಳನ್ನು. ಹಾಜಿಯವರ ತೋಟದ ಕೆಳಗಿನ ಮನೆಯ ಶಂಕರಿಯ ಒಬ್ಬಳೇ ಮಗಳು, ಇಪ್ಪತ್ತಾರರ ಪ್ರಾಯ. ಅವಳ ಅಪ್ಪ ಕುಶಾಲಪ್ಪ ಹಾಜಿಯವರ ಕೆಲಸದಲ್ಲಿದ್ದಾಗಲೇ ಸತ್ತವನು. ಆಮೇಲೆ ಆ ಮನೆಗೆ ಹೆಂಚು ಹೊದೆಸಿದ್ದು ಹಾಜಿಯವರು, ಅಂಗಳಕ್ಕೆ ಕರೆಂಟು ಎಳೆಸಿದ್ದು ಹಾಜಿಯವರು, ಹುಡುಗಿಯನ್ನು ಪುತ್ತೂರಿನ ಕಾಲೇಜಿಗೆ ಸೇರಿಸಿದ್ದೂ ಹಾಜಿಯವರೇ. ಶಂಕರಿ ಎಲ್ಲವನ್ನೂ ತೆಗೆದುಕೊಂಡಳು; ಆದರೆ ತೆಗೆದುಕೊಳ್ಳುವಾಗ ಒಂದು ಸಲವೂ ಅವರ ಮುಖ ನೋಡಲಿಲ್ಲ.

ಸುಪ್ರಿತಾ ಮೂರು ದಿನ ಟೇಪು ಹಿಡಿದು ಗುಡ್ಡೆ ಸುತ್ತಿದಳು. ನಾಲ್ಕನೆಯ ದಿನ ಜಗಲಿಯಲ್ಲಿ ಕೂತು, ಝೈನಬ ಕೊಟ್ಟ ಶರಬತ್ತು ಕುಡಿದು, ಟ್ಯಾಬ್ ತೆಗೆದಳು.

"ಮೊಯ್ದೀನಾಕ, ಇನ್ನು ಪ್ರಶ್ನೆ ಕೇಳುದು ಮಾತ್ರ. ಇಪ್ಪತ್ತು ಉಂಟು. ಬೇಗ ಮುಗಿಸುವ."

"ಕೇಳು ಕೇಳು."

ಹದಿನಾರರವರೆಗೆ ಸಲೀಸಾಗಿ ಹೋಯಿತು. ಹದಿನೇಳನೆಯದನ್ನು ಅವಳು ಸ್ವಲ್ಪ ನಿಧಾನವಾಗಿ ಓದಿದಳು. "ಜಾಗದಲ್ಲಿ ಅಥವಾ ಜಾಗದ ಅಡಿಯಲ್ಲಿ ಬಾವಿ, ಸುರಂಗ, ಸಮಾಧಿ ಇವುಗಳಲ್ಲಿ ಯಾವುದಾದರೂ ಇದೆಯೇ?"

"ಇಲ್ಲ."

"ಮೊಯ್ದೀನಾಕ..."

"ಎಂತ ಮೊಯ್ದೀನಾಕ? ಸುರಂಗದ ಬಾಯಿ ಇರುದು ತೋಟದಲ್ಲಿ. ತೋಟದ ಸರ್ವೆ ನಂಬ್ರ ಬೇರೆ, ಗುಡ್ಡೆಯದ್ದು ಬೇರೆ. ಆರ್‌ಟಿಸಿ ತೆಗೆದು ನೋಡು. ಗುಡ್ಡೆಯಲ್ಲಿ ಎಂತದೂ ಇಲ್ಲ."

"ಬಾಯಿ ಮಾತ್ರ ಅಲ್ವಾ ತೋಟದಲ್ಲಿ? ಒಳಗೆ ಹೋಗಿದ್ದು ಗುಡ್ಡೆಯ ಅಡಿಗೆ. ಅಪ್ಪ ಇರುದು ಅಲ್ಲಿ."

ಅವಳು ಅಳಲಿಲ್ಲ, ಸ್ವರ ಏರಿಸಲೂ ಇಲ್ಲ. ಅಪ್ಪ ಪೇಟೆಯಲ್ಲಿ ಇದ್ದಾರೆ ಎಂಬಷ್ಟು ಸಾಧಾರಣವಾಗಿ ಹೇಳಿದಳು.

"ಉಂಟು ಅಂತ ಹಾಕಿದ್ರೆ ಜಾಗ ಕ್ಯಾನ್ಸಲ್ ಆಗುದಿಲ್ಲ, ಹೆದರ್ಬೇಡಿ," ಎಂದಳು ಸುಪ್ರಿತಾ. "ಗುಂಡಿ ತೆಗೆಯುವ ಯಂತ್ರ ಗುಡ್ಡೆಗೆ ಹತ್ತುವ ಮೊದಲು ಸುರಂಗದ ಬಾಯಿ ತೆಗೆದು, ಒಳಗೆ ಕಂಬ ಕೊಟ್ಟು ಭದ್ರ ಮಾಡ್ಬೇಕು ಅಂತ ರೂಲ್ಸ್ ಉಂಟು. ಕಂಪೆನಿಯೇ ಮಾಡಿಸ್ತದೆ. ಅಪ್ಪನನ್ನು ಹೊರಗೆ ತರ್ಬಹುದು ಮೊಯ್ದೀನಾಕ! ಒಂದು ಎಲುಬಾದ್ರೂ ಸಿಕ್ಕಿದ್ರೆ ಕ್ರಿಯೆ ಮಾಡ್ಬಹುದು. ಪ್ರಸನ್ನ ಮಾವನಿಗೆ ಹೇಳಿದ್ದೇನೆ. ಅವರಿಗೆ ನಿನ್ನೆಯಿಂದ ಊಟವೂ ಬೇಡ, ನಿದ್ದೆಯೂ ಬೇಡ."

"ಶಂಕರಿ ಎಂತ ಹೇಳಿದಳು?"

"ಅಮ್ಮ ಎಂತ ಹೇಳ್ಲಿಲ್ಲ. ಅಮ್ಮ ಯಾವಾಗ ಎಂತ ಹೇಳಿದ್ದುಂಟು?"

ಹಾಜಿಯವರು ಏನೋ ನೆನಪಾದವರಂತೆ ಕೇಳಿದರು. "ಅಲ್ಲ ಮಗಾ, ಈ ಸೊನ್ನೆ ಸೊನ್ನೆ ಅಂತ ಹೇಳ್ತೀರಲ್ಲ. ಅಲ್ಲಿ ಒಬ್ಬ ಹೊಗೆ ಬಿಟ್ಟು ಆಯ್ತು. ಇಲ್ಲಿ ಮರ ನೆಟ್ಟದ್ದಕ್ಕೆ ಅದು ಬಿಡದ ಹಾಗೆ ಆಗ್ತದಾ?"

ಸುಪ್ರಿತಾ ನಕ್ಕಳು. "ಲೆಕ್ಕದಲ್ಲಿ ಆಗ್ತದೆ. ಬಿಟ್ಟದ್ದು ಬಿಟ್ಟದ್ದೇ ಮಾರಾಯ್ರೆ."

ಶುಕ್ರವಾರ ಸಂಜೆಯೊಳಗೆ ಫಾರ್ಮು ಕಳಿಸಬೇಕು, ಸೋಮವಾರ ಯಂತ್ರ ಬರುತ್ತದೆ, ನಿಮ್ಮ ಸಹಿ ಇಲ್ಲದೆ ಆಗುವುದಿಲ್ಲ ಎಂದು ಹೇಳಿ ಅವಳು ಹೋದಳು. ಹಾಜಿಯವರು ಕೂತಲ್ಲಿಯೇ ಕೂತಿದ್ದರು. ಗಂಟೆ ನಾಲ್ಕಾಗುತ್ತಾ ಬಂದಿತ್ತು. ಒಳಗೆಲ್ಲೋ, ಗೋಡೆಯಲ್ಲೋ ನೆಲದಲ್ಲೋ, ಮೂರು ಏಟು ಕೇಳಿಸಿತು.

ಇದು ಇಂದು ನಿನ್ನೆಯದಲ್ಲ, ಇಪ್ಪತ್ತೆರಡು ವರ್ಷದ್ದು. ಮೇ ತಿಂಗಳ ಕೊನೆ, ಪತ್ತನಾಜೆ ಆಗಷ್ಟೇ ಕಳೆದು ಮಳೆ ಇನ್ನೂ ಹಿಡಿಯದ ದಿನಗಳು. ಹಾಜಿಯವರು ಆಗ ಹಾಜಿ ಅಲ್ಲ, ಸೌದಿಯಿಂದ ರಜೆಯಲ್ಲಿ ಬಂದ ಮೊಯ್ದೀನ್. ತೋಟಕ್ಕೆ ನೀರು ಸಾಲುತ್ತಿಲ್ಲ ಎಂದು ಗುಡ್ಡೆಗೆ ಸುರಂಗ ಕೊರೆಸಲು ಹೊರಟರು. ಸುರಂಗ ಕಾಣದವರಿಗೆ ಹೇಳುವುದಾದರೆ, ಬಾವಿ ಕೆಳಗಿಳಿಯುತ್ತದೆ, ಸುರಂಗ ಅಡ್ಡ ಹೋಗುತ್ತದೆ. ಗುಡ್ಡೆಯ ಹೊಟ್ಟೆಯೊಳಗೆ ಒಬ್ಬ ಬಗ್ಗಿ ನಡೆಯುವಷ್ಟು ದಾರಿ ಕೊರೆದು, ನೀರಿನ ಒರತೆ ಸಿಕ್ಕಿದಲ್ಲಿ ನಿಲ್ಲಿಸುವುದು. ಒಳಗೆ ಒಬ್ಬನೇ, ಮೇಣದ ಬತ್ತಿಯ ಬೆಳಕಿನಲ್ಲಿ ಅಗೆಯುತ್ತಾನೆ. ಕೂಗಿದರೆ ಒಳಗಿನ ಮಾತು ಹೊರಗೆ ತಲುಪುವಾಗ ಚೂರುಚೂರು. ಹಾಗಾಗಿ ಬುಟ್ಟಿಗೆ ಮಣ್ಣು ತುಂಬಿತು ಎಂದು ತಿಳಿಸಲು ಅವನು ಪಿಕ್ಕಾಸಿನಿಂದ ಗೋಡೆಗೆ ಮೂರು ಏಟು ಹಾಕುತ್ತಾನೆ. ಹೊರಗಿದ್ದವರು ಹಗ್ಗ ಎಳೆದು ಬುಟ್ಟಿ ಹೊರಗೆ ತರಬೇಕು.

ಕುಶಾಲಪ್ಪನಷ್ಟು ಚೆನ್ನಾಗಿ ಸುರಂಗ ಕೊರೆಯುವವನು ಸುಳ್ಯದಿಂದ ಉಪ್ಪಿನಂಗಡಿವರೆಗೆ ಇರಲಿಲ್ಲ. ನೂರಡಿ ದಾಟಿ ಹೋಗಿದ್ದ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಜಡಿಮಳೆ ಬಂತು. ಸುರಂಗದ ನಡುವೆ ಮೇಲಿನ ಮಣ್ಣಿನ ಮಾಡು ಕುಸಿಯಿತು. ಕುಶಾಲಪ್ಪ ಅದರ ಆಚೆ ಉಳಿದ.

ತೆಗೆಯಲು ಒಳಗೆ ಹೋದವರು ಇಬ್ಬರು. ಒಬ್ಬ ಶಂಕರಿಯ ತಮ್ಮ ಪ್ರಸನ್ನ, ಹತ್ತೊಂಬತ್ತು ವರ್ಷದ ಹುಡುಗ, ಭಾವ ಎಂದರೆ ಪ್ರಾಣ. ಇನ್ನೊಬ್ಬರು ಕಾಸರಗೋಡು ಕಡೆಯ ಒಬ್ಬ ಮುದುಕರು, ಸುರಂಗದಲ್ಲೇ ತಲೆ ಹಣ್ಣಾದವರು. ಹಗಲು ರಾತ್ರಿ ತೆಗೆದರು. ತೆಗೆದಷ್ಟೂ ಮಣ್ಣು ಬಿತ್ತು. ಮೂರನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಮುದುಕರು ಮೊಯ್ದೀನರನ್ನು ಬದಿಗೆ ಕರೆದರು. "ಇನ್ನು ನಾಲ್ಕು ಬುಟ್ಟಿ ತೆಗೆದ್ರೆ ಮಾಡು ನಮ್ಮ ತಲೆ ಮೇಲೆ ಬೀಳ್ತದೆ. ಒಳಗೆ ಇದ್ದವ ಹೋಗಿ ಆಯ್ತು. ಈ ಹುಡುಗ ನನ್ನ ಮಾತು ಕೇಳುದಿಲ್ಲ. ನೀವು ಹೇಳಿ ನಿಲ್ಲಿಸಿ." ಹೇಳಿ ಅವರೂ ಪ್ರಸನ್ನನೂ ಉಳಿದವರೂ ಚಹಾ ಕುಡಿಯಲು ಹಲಸಿನ ಮರದಡಿಗೆ ಹೋದರು. ಶಂಕರಿ ಪಾತ್ರೆಯಲ್ಲಿ ಚಹಾ ತಂದಿದ್ದಳು. ಸುರಂಗದ ಬಾಯಲ್ಲಿ ಮೊಯ್ದೀನ್ ಒಬ್ಬರೇ ಉಳಿದರು. ಒಳಗೆ ಯಾರೂ ಇರಲಿಲ್ಲ.

ಆಗ ಕೇಳಿತು. ಟಕ್, ಟಕ್, ಟಕ್.

ಅಭ್ಯಾಸ ನೋಡಿ, ಎಷ್ಟು ಕೆಟ್ಟದ್ದು! ತಲೆಗೆ ಏನೂ ಹೊಳೆಯುವ ಮೊದಲೇ ಅವರ ಕೈ ಹಗ್ಗ ಎಳೆಯಿತು. ಬುಟ್ಟಿ ಸರಸರ ಹೊರಗೆ ಬಂತು, ಖಾಲಿ. ಖಾಲಿ ಬುಟ್ಟಿ ನೋಡಿದ ಮೇಲೆಯೇ ಅವರಿಗೆ ಹೊಡೆದದ್ದು ಯಾರು ಎಂದು ಗೊತ್ತಾದದ್ದು. ಬಾಯಿ ತೆರೆದರು. ಒಂದು ಕೂಗು ಸಾಕಿತ್ತು. ಕೂಗಿದರೆ ಪ್ರಸನ್ನ ಚಹಾದ ಲೋಟ ಎಸೆದು ಓಡಿ ಒಳಗೆ ನುಗ್ಗುತ್ತಾನೆ. ನುಗ್ಗಿದರೆ ಅವನೂ ಹೊರಗೆ ಬರುವುದಿಲ್ಲ. ಮೊಯ್ದೀನ್ ಬಾಯಿ ಮುಚ್ಚಿದರು. ಮತ್ತೆ ಮೂರು ಏಟು ಬಿತ್ತು. ಅಷ್ಟರಲ್ಲಿ ಅಡಿಕೆ ಸೋಗೆಗಳ ಮೇಲೆ ಮಳೆ ಸುರಿಯತೊಡಗಿತು, ಮಳೆಯ ಸದ್ದಿನಲ್ಲಿ ಮತ್ಯಾರಿಗೂ ಏನೂ ಕೇಳುವಂತಿರಲಿಲ್ಲ.

ಚಹಾ ಮುಗಿಸಿ ಬಂದ ಪ್ರಸನ್ನನಿಗೆ ಅಡ್ಡ ನಿಂತು, ಸಾಕು, ಒಂದು ಹೆಣಕ್ಕೆ ಇನ್ನೆರಡು ಹೆಣ ಬೇಡ ಎಂದು ಬೊಬ್ಬೆ ಹಾಕಿದರು. ಹುಡುಗ ಕೇಳಲಿಲ್ಲ. ಕೊನೆಗೆ ಶಂಕರಿಯೇ ಬಂದು ತಮ್ಮನ ಕೈಯಿಂದ ಪಿಕ್ಕಾಸು ಕಿತ್ತುಕೊಂಡಳು. ಎಂಥ ಗಟ್ಟಿ ಹೆಂಗಸು ಎಂದು ಆವತ್ತು ಎಲ್ಲರೂ ಹೇಳಿದ್ದರು. ಎಲ್ಲರನ್ನೂ ಕಳಿಸಿ ಮೊಯ್ದೀನ್ ತಾವೇ ಕೆಂಪುಕಲ್ಲು ಪೇರಿಸಿ ಬಾಯಿ ಮುಚ್ಚಿದರು. ನೀರು ಹೋಗಲು ಒಂದು ಪೈಪು ಮಾತ್ರ ಬಿಟ್ಟರು. ನಾಲ್ಕನೆಯ ದಿನ, ಮಳೆಗೆ ಕೆಟ್ಟಿದ್ದ ದಾರಿ ಸರಿಯಾಗಿ ತಾಲೂಕು ಕಚೇರಿಯವರು ಬಂದು, ಕಲ್ಲು ನೋಡಿ, ಬರೆದುಕೊಂಡು ಹೋದರು.

ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಹಾಜಿಯವರಿಗೆ ಆ ಮೂರು ಏಟು ಕೇಳುತ್ತದೆ. ಸೌದಿಗೆ ವಾಪಸು ಹೋದರು, ಅಲ್ಲಿನ ಗೋದಾಮಿನ ಕಬ್ಬಿಣದ ಬಾಗಿಲಲ್ಲಿ ಕೇಳಿತು. ಹಜ್ಜಿಗೆ ಹೋದರು, ಮಿನಾದ ಡೇರೆಯ ಕಂಬದಲ್ಲಿ ಕೇಳಿತು. ಅರಫಾದ ಬಯಲಲ್ಲಿ ಲಕ್ಷ ಲಕ್ಷ ಜನರ ನಡುವೆ ಕೈ ಎತ್ತಿ ಅತ್ತರು; ಅಲ್ಲಿಯೂ ನಾಲ್ಕು ಗಂಟೆ ಆಯಿತು. ಯಾರಿಗೆ ಹೇಳುವುದು? ಇಷ್ಟು ವರ್ಷ ಝೈನಬಗೂ ಹೇಳಿರಲಿಲ್ಲ.

ಸುಪ್ರಿತಾ ಬಂದು ಹೋದ ಮೇಲೆ ನಾಲ್ಕು ಗಂಟೆಯ ಕಟ್ಟುಪಾಡೂ ಹೋಯಿತು. ಝೈನಬ ತೆಂಗಿನಕಾಯಿ ಒಡೆದರೆ ಹಾಜಿಯವರು ಎದ್ದು ನಿಲ್ಲುತ್ತಿದ್ದರು. ಮಸೀದಿಯಲ್ಲಿ ಪಕ್ಕದವನ ಊರುಗೋಲು ತಾಗಿದ್ದಕ್ಕೆ ನಮಾಝು ತಪ್ಪಿ, ಮತ್ತೆ ಮೊದಲಿನಿಂದ ಕಟ್ಟಿದರು.

"ನಿಮಗೆ ಎಂತ ಆಗಿದೆ?" ಎಂದಳು ಝೈನಬ. "ಜಿನ್ನ್ ಹಿಡಿದವರ ಹಾಗೆ ಮಾಡ್ತೀರಿ. ತಂಙಳ್ ಹತ್ರ ಹೋಗಿ ಒಂದು ನೂಲು ಮಂತ್ರಿಸಿ ಕಟ್ಟಿಸಿಕೊಂಡು ಬನ್ನಿ."

ಗುರುವಾರ ಮಧ್ಯಾಹ್ನ ತಡೆಯಲಾರದೆ ಸುರಂಗದ ಕಡೆ ಹೋದರು. ವರ್ಷಕ್ಕೊಮ್ಮೆ ದೀಪಾವಳಿ ಪರ್ಬದ ದಿನ ಶಂಕರಿ ಎಲೆಯಲ್ಲಿ ಅನ್ನ ಬಡಿಸಿ ಇಡಲು ಬರುವುದು ಬಿಟ್ಟರೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಇವತ್ತು ಬಾಯಿಯ ಎದುರಿನ ಪೊದೆಯೆಲ್ಲ ಸವರಿ ಅಂಗಳದಷ್ಟು ಚೊಕ್ಕ ಮಾಡಿಯಾಗಿತ್ತು. ಪ್ರಸನ್ನ ಅಡಿಕೆ ಮರದ ಕಂಬಗಳನ್ನು ಒಂದೇ ಅಳತೆಗೆ ಕೊಯ್ದು ಸಾಲಾಗಿ ಒರಗಿಸಿ ಇಡುತ್ತಿದ್ದ. ನಲವತ್ತೊಂದರ ಗಂಡಸು, ಎರಡು ಮಕ್ಕಳ ಅಪ್ಪ, ಈ ಭಾಗದ ತೋಟಗಳಲ್ಲೆಲ್ಲ ಅಡಿಕೆಗೆ ಔಷಧಿ ಬಿಡುವವನು. ಮುಖದಲ್ಲಿ ಮದುವೆ ಮನೆಯ ಗಡಿಬಿಡಿ.

"ಬನ್ನಿ ಮೊಯ್ದೀನಾಕ, ಬನ್ನಿ! ಕಂಪೆನಿಯವರು ಕಬ್ಬಿಣದ್ದು ತರ್ತಾರಂತೆ. ತರ್ಲಿ. ನಾನು ನನ್ನದು ಮಾಡಿಟ್ಟಿದ್ದೇನೆ. ಮೊದಲು ಒಳಗೆ ಹೋಗುದು ನಾನೇ, ಅದು ಈಗಲೇ ಹೇಳಿಟ್ಟಿದ್ದೇನೆ."

"ಎಂತಕ್ಕೆ ಮಾರಾಯ ನಿನಗೆ ಈ ಪ್ರಾಯದಲ್ಲಿ?"

"ಭಾವ ಎಲ್ಲಿ ಇದ್ರು, ಹೇಗೆ ಇದ್ರು, ನಾವು ಎಷ್ಟು ಹತ್ರ ಹೋಗಿದ್ದೆವು, ಎಲ್ಲ ನೋಡ್ಬೇಕು ನನಗೆ. ನಾನೂ ಸುರಂಗದಲ್ಲಿ ಅಗೆದವ ಅಲ್ವಾ? ಗೋಡೆ ನೋಡಿದ್ರೆ ಗೊತ್ತಾಗ್ತದೆ."

ಗೋಡೆ ನೋಡಿದರೆ ಗೊತ್ತಾಗುತ್ತದೆ. ಅದೇ ಹಾಜಿಯವರ ಎದೆಯಲ್ಲಿ ಕೂತ ಮುಳ್ಳು. ಮೂರನೆಯ ದಿನವೂ ಪಿಕ್ಕಾಸು ಎತ್ತಿದ ಕುಶಾಲಪ್ಪ ಅದಕ್ಕೆ ಮೊದಲು ಕೈ ಕಟ್ಟಿ ಕೂತಿರುತ್ತಾನೆಯೇ? ಆಚೆಯಿಂದ ಈಚೆಗೆ ಅಗೆದಿರುತ್ತಾನೆ. ಬಿದ್ದ ಮಣ್ಣನ್ನು ಹಿಂದಕ್ಕೆ ರಾಶಿ ಹಾಕಿರುತ್ತಾನೆ. ಕಲ್ಲಿನಲ್ಲಿ ಪಿಕ್ಕಾಸಿನ ಗುರುತು ಎಲ್ಲಿಗೂ ಹೋಗಿರುವುದಿಲ್ಲ. ಪ್ರಸನ್ನ ಒಂದು ನೋಟಕ್ಕೆ ಎಲ್ಲ ಓದುತ್ತಾನೆ. ಭಾವ ಬದುಕಿದ್ದ, ತಾನು ಚಹಾ ಕುಡಿಯುತ್ತಿದ್ದೆ ಎಂದು. ಅದನ್ನು ಕಂಡ ಮೇಲೆ ಅವನು ಉಳಿದಾನೆಯೇ? ಹಾಜಿಯವರು ತಮ್ಮ ಮಾನಕ್ಕೆ ಹೆದರಿರಲಿಲ್ಲ ಎಂದಲ್ಲ, ಹೆದರಿದ್ದರು. ಆದರೆ ಆ ಸಾಲು ಕಂಬಗಳನ್ನು ನೋಡಿದ ಮೇಲೆ ಅವರಿಗೆ ಪ್ರಸನ್ನನ ಜೀವದ್ದೇ ಹೆದರಿಕೆಯಾಯಿತು.

ಶುಕ್ರವಾರ ಜುಮಾ ಮುಗಿಸಿ ನೇರ ಶಂಕರಿಯ ಮನೆಗೆ ಇಳಿದರು. ಇಪ್ಪತ್ತೆರಡು ವರ್ಷದಲ್ಲಿ ಅಂಗಳ ದಾಟಿ ಹೋದವರಲ್ಲ. ಇವತ್ತು ಜಗಲಿಯ ಬೆಂಚಿನ ಮೇಲೆ ಕೂತರು. ಶಂಕರಿ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ಸುಪ್ರಿತಾ ಟ್ಯಾಬ್ ಹಿಡಿದು ಎದುರು ಬಂದಳು.

"ಮಗಾ, ಹದಿನೇಳಕ್ಕೆ ಇಲ್ಲ ಅಂತ ಹಾಕು," ಎಂದರು ಹಾಜಿಯವರು. "ಯಾಕೆ ಅಂತ ಹೇಳ್ತೇನೆ. ಕೇಳಿದ ಮೇಲೆ ನೀನು ಎಂತ ಬೇಕಾದ್ರೂ ಹಾಕು, ನಾನು ಸಹಿ ಮಾಡ್ತೇನೆ."

ಹೇಳಿದರು. ಮುದುಕರು ಬದಿಗೆ ಕರೆದದ್ದು, ಎಲ್ಲರೂ ಚಹಾಕ್ಕೆ ಹೋದದ್ದು, ಮೂರು ಏಟು, ಖಾಲಿ ಬುಟ್ಟಿ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ. ಸುಪ್ರಿತಾಳ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ಅವಳಿಗೆ ಅರ್ಥವಾಗಲು ತಡವಾಯಿತು.

"ಎಷ್ಟು ಹೊತ್ತು?" ಎಂದಳು.

"ಎಂತ ಮಗಾ?"

"ಎಷ್ಟು ಹೊತ್ತು ಹೊಡೀತಾ ಇದ್ರು ಅಪ್ಪ?"

ಹಾಜಿಯವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಮುಸ್ಸಂಜೆಯ ಮಗ್ರಿಬ್ ಬಾಂಗಿನವರೆಗೆ."

"ನೀವು ಅಲ್ಲೇ ಇದ್ರಾ?"

"ಇದ್ದೆ. ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಬಿಟ್ಟು ಹೋಗ್ಲಿಕ್ಕೆ ಆಗ್ಲಿಲ್ಲ."

ಸುಪ್ರಿತಾ ಎದ್ದಳು. "ಅಮ್ಮಾ, ಕೇಳಿದ್ಯಾ? ಕೇಳಿದ್ಯಾ ಈ ಮನುಷ್ಯ ಎಂತ ಹೇಳುದು ಅಂತ? ಇವರು ಹಾಕಿದ ಹೆಂಚಿನ ಅಡಿಯಲ್ಲಿ ನಾವು ಮಲಗಿದ್ದು! ಇವರ ಅನ್ನ..."

"ಕೂತ್ಕೋ," ಎಂದಳು ಶಂಕರಿ.

"ಎಂತ ಕೂರುದು?"

"ಕೂತ್ಕೋ ಅಂತ ಹೇಳಿದೆ." ಶಂಕರಿ ಬಾಗಿಲ ದಾರಂದ ಹಿಡಿದುಕೊಂಡಿದ್ದಳು. ಮಗಳ ಕಡೆ ನೋಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹಾಜಿಯವರ ಮುಖವನ್ನೇ ನೋಡಿದಳು. "ಚಾ ಬಗ್ಗಿಸಿ ಕೊಟ್ಟು ನಾನು ಸುರಂಗದ ಹತ್ರ ಬಂದಿದ್ದೆ. ಮಣ್ಣಿನ ರಾಶಿಯ ಆಚೆ ನಿಂತಿದ್ದೆ. ನೀವು ಹಗ್ಗ ಎಳೆದದ್ದು ನೋಡಿದೆ. ಬುಟ್ಟಿ ಖಾಲಿ ಬಂದದ್ದೂ ನೋಡಿದೆ."

ಹಾಜಿಯವರ ಮಡಿಲಿನಿಂದ ಟೋಪಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಯಾ ಅಲ್ಲಾಹ್... ನೀನು ಯಾಕೆ ಬೊಬ್ಬೆ ಹಾಕ್ಲಿಲ್ಲ ಶಂಕರಿ?"

"ನೀವು ಹಾಕ್ತೀರಿ ಅಂತ ಕಾದೆ. ನೀವು ಬಾಯಿ ಮುಚ್ಚಿದ್ರಿ. ತಮ್ಮ ಅಲ್ಲಿ ಚಾ ಕುಡೀತಾ ಇದ್ದ, ಹತ್ತೊಂಬತ್ತು ವರ್ಷ. ನಾನೇ ಸಾಕಿದ ತಮ್ಮ. ನೀವು ಬಾಯಿ ಮುಚ್ಚಿದ್ದಕ್ಕೆ ನಿಮಗೆ ಮನಸ್ಸಲ್ಲೇ ಕೈ ಮುಗಿದೆ ಮೊಯ್ದೀನಾಕ. ಮತ್ತೆ ನಿಮ್ಮ ಮುಖ ನೋಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

ಅಂಗಳದಲ್ಲಿ ಕೋಳಿಗಳು ಕೆದಕುತ್ತಿದ್ದವು. ಸುಪ್ರಿತಾ ತಾಯಿಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ ಅಮ್ಮ? ಇಷ್ಟು ವರ್ಷದಲ್ಲಿ ಒಂದು ದಿನ..."

"ನಿನಗೆ ಎಂತ ಹೇಳುದು?" ಶಂಕರಿಯ ಸ್ವರ ಈಗ ಒಡೆಯಿತು. "ನೀನು ನನ್ನ ಸೊಂಟದಲ್ಲಿ ಇದ್ದೆ. ನಾಲ್ಕು ವರ್ಷ ನಿನಗೆ. ಏಟು ಮೊದಲು ಕೇಳಿದ್ದು ನಿನಗೇ. ಅಮ್ಮ, ಅಪ್ಪ ಬುಟ್ಟಿ ಕರೀತಾರೆ ಅಂತ ಹೇಳಿದೆ. ನಾನು ನಿನ್ನ ಬಾಯಿಗೆ ಕೈ ಒತ್ತಿ ಹಿಡಿದೆ."

ಅಯ್ಯೋ, ಆ ಹುಡುಗಿಯ ಮುಖ! ಹಾಜಿಯವರು ನೋಡಲಾರದೆ ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷ ಆ ಸದ್ದು ತಮ್ಮೊಬ್ಬರದೇ ಎಂದುಕೊಂಡಿದ್ದರು. ಕೆಳಗಿನ ಮನೆಯಲ್ಲಿ ಅದೇ ಹೊತ್ತಿಗೆ ಇನ್ನೊಬ್ಬಳೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳೋ ಏನೋ! ತಾವು ಹೊದೆಸಿದ ಹೆಂಚು, ಕೊಟ್ಟ ಓದು ಯಾವುದೂ ಯಾರ ಕಿವಿಯನ್ನೂ ಮುಚ್ಚಿರಲಿಲ್ಲ ಎಂದು ಅವರಿಗೆ ಈಗ ಗೊತ್ತಾಯಿತು.

ಸುಪ್ರಿತಾ ತನ್ನ ಬಾಯಿಯನ್ನು ಅಂಗೈಯಿಂದ ಒರೆಸಿಕೊಂಡಳು. ಒಮ್ಮೆ ಒರೆಸಿದ್ದು ಸಾಲದೆ ಮತ್ತೆ ಒರೆಸಿದಳು. ಆಮೇಲೆ ಬೆಂಚಿನ ತುದಿಯಲ್ಲಿ ಕೂತು ಟ್ಯಾಬ್ ತೆಗೆದುಕೊಂಡಳು. ಬೆರಳು ಪರದೆಯ ಮೇಲೆ ನಿಂತೇ ಇತ್ತು.

ಅಷ್ಟರಲ್ಲಿ ಪ್ರಸನ್ನ ಮಣ್ಣಿನ ದರೆ ಇಳಿದು ಬಂದ. ಹೆಗಲಲ್ಲಿ ಹೊಸ ಹಿಡಿ ಹಾಕಿದ ಪಿಕ್ಕಾಸು, ಕೈಯಲ್ಲಿ ಹಣೆಗೆ ಕಟ್ಟುವ ಬ್ಯಾಟರಿ.

"ಎಂತ ಮಾರಾಯ್ರೆ, ಎಲ್ಲ ಹೀಗೆ ಕೂತಿದ್ದೀರಿ? ಸಹಿ ಆಯ್ತಾ ಮೊಯ್ದೀನಾಕ? ನೋಡು ಅಕ್ಕ, ಕಡಬದಿಂದ ತಂದೆ, ಒಳ್ಳೆ ಬೆಳಕು ಉಂಟು." ಬ್ಯಾಟರಿಯನ್ನು ಹೊತ್ತಿಸಿ ಆರಿಸಿ ತೋರಿಸಿದ. "ಎಂತ ಆಯ್ತು ಸುಪ್ರಿತಾ?"

ಸುಪ್ರಿತಾ ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಹೊಸ ಹಿಡಿ, ಬ್ಯಾಟರಿ, ಕಿವಿಯ ಮೇಲೆ ನರೆತ ಕೂದಲು, ಎಲ್ಲ. ಆಮೇಲೆ ಪರದೆಯ ಮೇಲೆ ಎರಡು ಮೂರು ಕಡೆ ಬೆರಳೊತ್ತಿದಳು.

"ಸುರಂಗ ಇಲ್ಲ ಅಂತ ಹಾಕಿದೆ ಮಾವ."

"ಎಂತ?"

"ಬಾಯಿ ಇರುದು ತೋಟದ ಸರ್ವೆ ನಂಬ್ರದಲ್ಲಿ. ಗುಡ್ಡೆಯಲ್ಲಿ ದಾಖಲೆ ಇಲ್ಲ. ಸುರಂಗ ಹೋದ ಪಟ್ಟಿಯನ್ನು ಬಂಡೆ ಅಂತ ತೋರಿಸಿದ್ದೇನೆ. ಅಲ್ಲಿಗೆ ಯಂತ್ರ ಬರುದಿಲ್ಲ, ಗಿಡವೂ ನೆಡುದಿಲ್ಲ. ಬಾಯಿ ತೆಗೆಯುದು ಬೇಡ."

ಪ್ರಸನ್ನ ಮೊದಲು ನಗಲು ನೋಡಿದ. ತಮಾಷೆಯಲ್ಲ ಎಂದು ತಿಳಿದಾಗ ಮುಖ ಕಪ್ಪಿಟ್ಟಿತು. "ಬೇಡ ಅಂತ ಹೇಳ್ಲಿಕ್ಕೆ ನೀನು ಯಾರು? ನಿನ್ನ ಅಪ್ಪ ಅಲ್ವಾ ಒಳಗೆ ಇರುದು? ಒಂದು ಕೆಲಸ ಸಿಕ್ಕಿದ ಕೂಡ್ಲೇ ಅಪ್ಪನನ್ನು ಬಂಡೆ ಅಂತ ಬರೀತೀಯಾ? ಥೂ! ಇವರು ಓದಿಸಿದ್ರು ಅಂತ ಇವರಿಗೆ ಬೇಕಾದ ಹಾಗೆ ಬರೆದೆ ಅಲ್ವಾ? ನಿನ್ನನ್ನು ಎತ್ತಿ ಆಡಿಸಿದ ಕೈ ಇದು, ಗೊತ್ತುಂಟಾ? ನಾಚಿಕೆ ಆಗುದಿಲ್ವಾ ನಿನಗೆ?"

ಬೈಗುಳ ಒಂದೊಂದೂ ತಮಗೆ ಬರಬೇಕಾದದ್ದು ಎಂದು ಹಾಜಿಯವರಿಗೆ ಗೊತ್ತಿತ್ತು. ಗುಡ್ಡೆ ಅವರು ಕೇಳಿದ ಹಾಗೆಯೇ ಆಗಿತ್ತು, ನಲವತ್ತು ವರ್ಷ ಯಾರೂ ಮುಟ್ಟುವಂತಿಲ್ಲ. ಇದು ತಾವು ಕೇಳಿದ್ದಲ್ಲ ಎನ್ನಿಸಿ ಅವರು "ಪ್ರಸನ್ನ," ಎಂದು ಬಾಯಿ ತೆರೆದರು.

"ನಿಮ್ಮ ಚಾ ಆರ್ತಾ ಉಂಟು ಮೊಯ್ದೀನಾಕ," ಎಂದಳು ಶಂಕರಿ.

ಅವರು ಲೋಟ ಕೈಗೆ ತೆಗೆದುಕೊಂಡರು.

ಪ್ರಸನ್ನನ ಸಿಟ್ಟು ಇದ್ದಕ್ಕಿದ್ದಂತೆ ಇಳಿಯಿತು. ಪಿಕ್ಕಾಸನ್ನು ಮೆಟ್ಟಿಲ ಮೇಲೆ ಹಾಕಿ ಅದರ ಪಕ್ಕದಲ್ಲೇ ಕೂತ. ಅಷ್ಟು ದೊಡ್ಡ ಗಂಡಸು ಮಕ್ಕಳ ಹಾಗೆ ಅತ್ತ.

"ನನಗೆ ಬೇರೆ ಎಂತ ಬೇಡ ಇತ್ತು. ಒಳಗೆ ಹೋಗಿ ಒಮ್ಮೆ ನೋಡಿದ್ರೆ ಸಮಾಧಾನ ಆಗ್ತಿತ್ತು. ಮಣ್ಣು ಬಿದ್ದ ಕೂಡ್ಲೇ ಹೋಗಿದ್ದಾರೆ, ನಾವು ಹುಡುಕಿದ್ದೆಲ್ಲ ಸತ್ತವರನ್ನೇ ಅಂತ ಗೊತ್ತಾದ್ರೆ ಸಾಕಿತ್ತು ನನಗೆ. ಕೂಡ್ಲೇ ಹೋಗಿರ್ಬಹುದಲ್ವಾ? ಯಾರಾದ್ರೂ ಒಬ್ಬರು ಹೇಳಿ ಮಾರಾಯ್ರೆ."

ಶಂಕರಿ ನೆಲ ನೋಡುತ್ತಿದ್ದಳು. ಹಾಜಿಯವರು ಲೋಟವನ್ನು ಕೆಳಗಿಟ್ಟರು. ಸುಪ್ರಿತಾ ಎದ್ದು ಹೋಗಿ ಮಾವನ ಪಕ್ಕ ಮೆಟ್ಟಿಲ ಮೇಲೆ ಕೂತು ಅವನ ಬೆನ್ನ ಮೇಲೆ ಕೈ ಇಟ್ಟಳು.

"ಹೌದು ಮಾವ. ಅಪ್ಪ ಕೂಡ್ಲೇ ಹೋಗಿದ್ದಾರೆ," ಎಂದಳು. "ಅವರಿಗೆ ಎಂತದೂ ಗೊತ್ತಾಗ್ಲಿಲ್ಲ."

ಹೇಳಿ, ಇನ್ನೊಂದು ಕೈಯಿಂದ ಟ್ಯಾಬನ್ನು ಹಾಜಿಯವರ ಕಡೆ ಚಾಚಿ, ಎಲ್ಲಿ ಸಹಿ ಮಾಡಬೇಕು ಎಂದು ತೋರಿಸಿದಳು.